ಸೊಪ್ಪಿನ ಸಾರ ಮದ್ದಾದ ದಾರಿ

ಕಿಮೋಥೆರಪಿ ನಡೆಯುತ್ತಿರುವ ಮನೆಗೆ ಬರುವ ನೆಂಟರು ಬರಿಗೈಯಲ್ಲಿ ಬರುವುದು ಕಡಿಮೆ. ಒಬ್ಬರು ಗೋಧಿಹುಲ್ಲಿನ ರಸ ಕುಡಿಸಿ ಅನ್ನುತ್ತಾರೆ, ಇನ್ನೊಬ್ಬರು ಅಮೃತಬಳ್ಳಿಯ ಕಷಾಯ. ನೆಲ್ಲಿಕಾಯಿ, ನುಗ್ಗೆಸೊಪ್ಪು, ಅರಿಶಿನದ ಹಾಲು ಹೀಗೆ ಪಟ್ಟಿ ಬೆಳೆಯುತ್ತದೆ. ಬಾಯಿಹುಣ್ಣಿನಿಂದ ಅನ್ನ ನುಂಗಲಾಗದೆ, ವಾಂತಿಯಲ್ಲಿ ಸೊರಗಿರುವ ಮನುಷ್ಯನ ಪಕ್ಕದಲ್ಲಿ ಕುಳಿತವರಿಗೆ ಏನಾದರೂ ಮಾಡಬೇಕು ಅನ್ನಿಸುವುದು ಸಹಜ. ಔಷಧ ವೈದ್ಯರ ಕೈಯಲ್ಲಿದೆ, ಅಡುಗೆಮನೆ ಮಾತ್ರ ತಮ್ಮ ಕೈಯಲ್ಲಿದೆ.

ಈ ಆಸೆ ಬುಡವಿಲ್ಲದ್ದಲ್ಲ. ಕಿಮೋಥೆರಪಿಯ ವಿಷಪರಿಣಾಮದಿಂದ ರೋಗಿಯನ್ನು ಕಾಪಾಡಲು ಇಂದು ಜಗತ್ತಿನಾದ್ಯಂತ ಆಸ್ಪತ್ರೆಗಳು ಬಳಸುವ ಒಂದು ಮದ್ದಿನ ವಂಶವೃಕ್ಷ ಹುಡುಕುತ್ತ ಹೋದರೆ ಪಾಲಕ್ ಸೊಪ್ಪು, ಯೀಸ್ಟ್ ಸಾರ, ಪಿತ್ತಜನಕಾಂಗದ ಸಾರಗಳೇ ಸಿಗುತ್ತವೆ. ಆ ಕಥೆ ಹಲವು ಸಲ ಮದರಾಸಿನ ಬೀದಿಗಳಲ್ಲಿ ಹಾದುಹೋಗುತ್ತದೆ. ತಿನ್ನುವ ವಸ್ತು ಯಾವಾಗ ಮದ್ದಾಗುತ್ತದೆ, ಯಾವಾಗ ರೋಗಕ್ಕೇ ಊಟವಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಥೆಗಳು ಕಡಿಮೆ.

ಖಾದಿ ತೊಟ್ಟ ವಿದ್ಯಾರ್ಥಿ

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರದಲ್ಲಿ. ಬಡತನದ ಮನೆ. ಮೆಟ್ರಿಕ್ಯುಲೇಷನ್ ಪಾಸಾಗಲು ಮೂರು ಸಲ ಕೂರಬೇಕಾಯಿತು. ಕೊನೆಗೆ ಪಾಸಾದದ್ದು ಮದರಾಸಿನ ತಿರುವಲ್ಲಿಕೇಣಿಯ ಹಿಂದೂ ಹೈಸ್ಕೂಲಿನಿಂದ. ಸನ್ಯಾಸಿಯಾಗುವ ಹಂಬಲ ಹೊತ್ತು ರಾಮಕೃಷ್ಣ ಮಠದ ಕಡೆ ನಡೆದಿದ್ದ ಹುಡುಗ ಆಮೇಲೆ ಮದರಾಸ್ ಮೆಡಿಕಲ್ ಕಾಲೇಜು ಸೇರಿದ. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಮೇಲಂಗಿ ತೊಟ್ಟದ್ದು ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ಕೊಟ್ಟು ಕಳಿಸಿದರು. ಮದರಾಸ್ ಸರ್ಕಾರದ ವೈದ್ಯಕೀಯ ಸೇವೆಯಲ್ಲೂ ಜಾಗ ಸಿಗಲಿಲ್ಲ.

ಆಗ ಕೆಲಸ ಕೊಟ್ಟವರು ಡಾ. ಆಚಂಟ ಲಕ್ಷ್ಮೀಪತಿ. ಪಾಶ್ಚಾತ್ಯ ವೈದ್ಯ ಓದಿ ಆಯುರ್ವೇದದ ಕಡೆ ತಿರುಗಿದವರು. ಅವರ ಹೆಂಡತಿ ರುಕ್ಮಿಣಿ ಲಕ್ಷ್ಮೀಪತಿ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ, 1946ರಲ್ಲಿ ಮದರಾಸ್ ಪ್ರಾಂತ್ಯದ ಆರೋಗ್ಯ ಮಂತ್ರಿಯಾದವರು. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಸುಬ್ಬರಾವ್ ಅಂಗರಚನಾಶಾಸ್ತ್ರ ಕಲಿಸುವ ಮೇಷ್ಟರಾದರು.

ನಾಟಿ ಮದ್ದಿನ ಬಗ್ಗೆ ಮದರಾಸಿನಲ್ಲಿ ಬಿಸಿ ಚರ್ಚೆ ನಡೆಯುತ್ತಿದ್ದ ಕಾಲ ಅದು. ದೇಶೀಯ ವೈದ್ಯಪದ್ಧತಿಗಳನ್ನು ಪರಿಶೀಲಿಸಲು ಪ್ರಾಂತ್ಯದ ಸರ್ಕಾರ 1921ರಲ್ಲಿ ಉಸ್ಮಾನ್ ಸಮಿತಿ ನೇಮಿಸಿತು. ಅದರ ಕಾರ್ಯದರ್ಶಿಯಾಗಿದ್ದ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಸೈನ್ಯದ ವೈದ್ಯ ಸೇವೆಯಲ್ಲಿದ್ದವರು, ಆಯುರ್ವೇದವನ್ನೂ ಬಲ್ಲವರು. ಸಮಿತಿಯ ವರದಿಯ ಫಲವಾಗಿ ಮದರಾಸಿನಲ್ಲಿ ಸರ್ಕಾರಿ ದೇಶೀಯ ವೈದ್ಯಶಾಲೆ ತೆರೆಯಿತು. ಅದರ ಮೊದಲ ಪ್ರಿನ್ಸಿಪಾಲರೂ ಅವರೇ. ಚೆನ್ನೈನ ಕೇಂದ್ರ ಆಯುರ್ವೇದ ಸಂಶೋಧನಾ ಸಂಸ್ಥೆಗೆ ಇಂದೂ ಅವರ ಹೆಸರಿದೆ.

ಸುಬ್ಬರಾವ್ ಅವರಿಗೆ ಈ ಚರ್ಚೆ ಪುಸ್ತಕದ ವಿಷಯವಾಗಿರಲಿಲ್ಲ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡಿದ್ದರು. ನಾಲಿಗೆ ಕೆಂಪಾಗಿ ಉರಿಯುತ್ತದೆ, ಭೇದಿ ನಿಲ್ಲುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತ ಕುಂದುತ್ತದೆ. ಅದೇ ರೋಗ ಅವರಿಗೂ ತಗುಲಿ, ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಗುಣವಾಯಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಆಯುರ್ವೇದದ ಮದ್ದುಗಳೊಳಗೆ ಕೆಲಸ ಮಾಡುತ್ತಿರುವುದು ಏನು ಎಂದು ಪತ್ತೆಹಚ್ಚುವ ಆಸೆ ಹುಟ್ಟಿತು. 1920ರ ದಶಕದ ಆರಂಭದಲ್ಲಿ, ಮಾವನ ಹಣ ಮತ್ತು ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವಿನಿಂದ ಅವರು ಅಮೆರಿಕದ ಬಾಸ್ಟನ್‌ಗೆ ಹಡಗು ಹತ್ತಿದರು. ಮತ್ತೆ ಊರಿಗೆ ಮರಳಲಿಲ್ಲ.

ಬಸುರಿಯರ ರಕ್ತ, ಯೀಸ್ಟಿನ ಸಾರ

ಸುಬ್ಬರಾವ್ ಹಾರ್ವರ್ಡ್‌ನಲ್ಲಿ ರಾಸಾಯನಿಕ ಪರೀಕ್ಷೆಗಳಲ್ಲಿ ಮುಳುಗಿದ್ದಾಗ, ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರಲ್ಲಿ ಒಂದು ಬಗೆಯ ತೀವ್ರ ರಕ್ತಹೀನತೆ ಕಾಣುತ್ತಿತ್ತು, ಸಾವುಗಳೂ ಆಗುತ್ತಿದ್ದವು. ರೋಗಾಣು ಏನೂ ಸಿಗಲಿಲ್ಲ. ವಿಲ್ಸ್ ಹೆಂಗಸರ ಊಟದ ಲೆಕ್ಕ ತೆಗೆದರು. ಬಡವರ ತಟ್ಟೆಯಲ್ಲಿ ಏನೋ ಕೊರತೆಯಿದೆ ಎಂಬ ಅನುಮಾನ ಬಲವಾಯಿತು. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು. 1931ರ ಆರಂಭದಲ್ಲಿ ಅವರಿದ್ದದ್ದು ಮದರಾಸಿನ ಕ್ಯಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿ. ಇಂದು ಅದು ತಿರುವಲ್ಲಿಕೇಣಿಯ ಕಸ್ತೂರ್ಬಾ ಗಾಂಧಿ ಹೆರಿಗೆ ಆಸ್ಪತ್ರೆ.

ಪಿತ್ತಜನಕಾಂಗದ ಸಾರ ಕೊಟ್ಟರೆ ಈ ರಕ್ತಹೀನತೆ ಗುಣವಾಗುತ್ತಿತ್ತು, ಆದರೆ ಅದು ದುಬಾರಿ. ವಿಲ್ಸ್ ಕೈಗೆತ್ತಿಕೊಂಡದ್ದು ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನ ಅಗ್ಗದ ಸಾರ, ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿಕೊಳ್ಳುವ ಕಂದು ಬಣ್ಣದ ಉಪ್ಪುಪ್ಪಾದ ಲೇಹ. ಅದನ್ನು ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾರದೊಳಗಿನ ಆ ಅನಾಮಿಕ ವಸ್ತುವಿಗೆ ಕೆಲಕಾಲ ‘ವಿಲ್ಸ್ ಅಂಶ’ ಎಂದೇ ಹೆಸರಿತ್ತು.

ಹತ್ತು ವರ್ಷದ ಮೇಲೆ, 1941ರಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಮತ್ತೆ ಮತ್ತೆ ಶುದ್ಧಮಾಡಿ ಒಂದು ಚೂರು ವಸ್ತುವನ್ನು ಬೇರೆ ತೆಗೆದರು. ಎಲೆಯಿಂದ ಬಂದದ್ದರಿಂದ, ಎಲೆ ಎಂಬ ಅರ್ಥದ ಲ್ಯಾಟಿನ್ ಪದ ‘ಫೋಲಿಯಂ’ ಹಿಡಿದು ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ವಿಲ್ಸ್ ಹುಡುಕುತ್ತಿದ್ದದ್ದೂ ಇದನ್ನೇ ಎಂದು ಆಮೇಲೆ ತಿಳಿಯಿತು.

ಸುಬ್ಬರಾವ್ ಅಷ್ಟರಲ್ಲಿ ಹಾರ್ವರ್ಡ್ ಬಿಟ್ಟು ಲೆಡರ್ಲೆ ಔಷಧ ಕಂಪನಿ ಸೇರಿದ್ದರು. ಅವರ ಮುಂದಾಳತ್ವದಲ್ಲಿ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ಕಟ್ಟಲಾಯಿತು. ಇನ್ನು ಟನ್‌ಗಟ್ಟಲೆ ಸೊಪ್ಪು ಅರೆಯಬೇಕಿರಲಿಲ್ಲ. ಮರುವರ್ಷವೇ ಅದು ಸ್ಪ್ರೂ ರೋಗಿಗಳಿಗೂ ನಾಟುತ್ತದೆ ಎಂದು ಗೊತ್ತಾಯಿತು. ಮದರಾಸಿನಿಂದ ಹೊರಟಾಗ ಮನಸ್ಸಿನಲ್ಲಿದ್ದ ಕಾಯಿಲೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಮದ್ದು ಸಿಕ್ಕಿತ್ತು.

ಒಳ್ಳೆಯದು ಕೆಟ್ಟದ್ದಾದಾಗ

ರಕ್ತ ಕಟ್ಟುವ ವಸ್ತು ಸಿಕ್ಕಮೇಲೆ ರಕ್ತದ ಕ್ಯಾನ್ಸರಿಗೂ ಅದನ್ನು ಕೊಟ್ಟು ನೋಡುವ ಯೋಚನೆ ಬರುವುದು ಸಹಜವೇ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ಲೆಡರ್ಲೆಯಿಂದ ಫೋಲಿಕ್ ಆಮ್ಲದ ರೂಪಗಳನ್ನು ತರಿಸಿ ಲುಕೇಮಿಯಾ ಇದ್ದ ಮಕ್ಕಳಿಗೆ ಕೊಟ್ಟರು. ಅಸ್ಥಿಮಜ್ಜೆಯಲ್ಲಿ ಕ್ಯಾನ್ಸರ್ ಕಣಗಳು ಇನ್ನಷ್ಟು ಬಿರುಸಾಗಿ ಬೆಳೆದಂತೆ ಕಂಡಿತು. ಹೊಸ ಜೀವಕೋಶ ಹುಟ್ಟಬೇಕಾದರೆ ಹೊಸ ಡಿಎನ್‌ಎ ಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕು. ಆರೋಗ್ಯವಂತ ಕೋಶಕ್ಕೂ ಬೇಕು, ಕ್ಯಾನ್ಸರಿನ ಕೋಶಕ್ಕೂ ಬೇಕು. ಬಸುರಿ ಹೆಂಗಸಿಗೆ ಜೀವ ಕೊಟ್ಟ ಪೋಷಕಾಂಶ ಇಲ್ಲಿ ರೋಗವನ್ನು ಸಾಕುತ್ತಿತ್ತು.

ಫಾರ್ಬರ್ ಲೆಕ್ಕ ತಿರುಗಿಸಿದರು. ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸಕ್ಕೆ ಅಡ್ಡ ನಿಲ್ಲುವ ವಸ್ತು ಬೇಕಿತ್ತು. ಸುಬ್ಬರಾವ್ ಅವರ ತಂಡ ಅಂಥವನ್ನು ತಯಾರಿಸಿ ಕೊಟ್ಟಿತು. ಅವುಗಳಲ್ಲೊಂದು ಅಮಿನಾಪ್ಟೆರಿನ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯ ಪ್ರಕಾರ, ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತು. ತಾತ್ಕಾಲಿಕ ಗುಣ, ತಿಂಗಳುಗಳ ಮಾತು. ಆದರೂ ಲುಕೇಮಿಯಾ ಹಿಮ್ಮೆಟ್ಟಬಲ್ಲದು ಎಂದು ತೋರಿಸಿದ ಘಟನೆ ಅದು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟೆರಿನ್‌ನ ಸೋದರ ಔಷಧ ಮೆಥೋಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರ್ ವಾರ್ಡುಗಳ ನಿತ್ಯದ ಮದ್ದು.

ಬೇಗ ಬೇಗ ಹುಟ್ಟಿ ಸಾಯುವ ಕೋಶಗಳಿಗೆಲ್ಲ ಮೆಥೋಟ್ರೆಕ್ಸೇಟ್ ಹೊಡೆತ ಕೊಡುತ್ತದೆ. ಬಾಯಿಯ ಒಳಪದರ, ಕರುಳಿನ ಗೋಡೆ, ಅಸ್ಥಿಮಜ್ಜೆ ಮೂರೂ ಆ ಸಾಲಿನವೇ. ಬಾಯಿ ಹುಣ್ಣಾಗುತ್ತದೆ, ಭೇದಿ ಹಿಡಿಯುತ್ತದೆ, ರಕ್ತ ಇಳಿಯುತ್ತದೆ. ಸುಬ್ಬರಾವ್ ಅವರ ಸಹೋದರರನ್ನು ಕೊಂದ ಕಾಯಿಲೆಯ ಲಕ್ಷಣಗಳನ್ನೇ ಇವು ಹೋಲುತ್ತವೆ. ಕಾಯಿಲೆಯಲ್ಲಿ ಕರುಳು ಪೋಷಕಾಂಶಗಳನ್ನು ಹೀರಿಕೊಳ್ಳುತ್ತಿರಲಿಲ್ಲ. ಇಲ್ಲಿ ಔಷಧವೇ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುತ್ತದೆ.

ಇಪ್ಪತ್ತನಾಲ್ಕು ಗಂಟೆಯ ಗುಟ್ಟು

ಹಾಗಾದರೆ ರೋಗಿಗೆ ಫೋಲಿಕ್ ಆಮ್ಲವನ್ನೇ ಕೊಟ್ಟರಾಯಿತಲ್ಲ? ಆಗುವುದಿಲ್ಲ. ನಾವು ಗುಳಿಗೆಯಲ್ಲಿ ತೆಗೆದುಕೊಳ್ಳುವ ಫೋಲಿಕ್ ಆಮ್ಲ ಮೈಯಲ್ಲಿ ಕೆಲಸಕ್ಕೆ ಬರಬೇಕಾದರೆ ಒಂದು ಕಿಣ್ವದ ಬಾಗಿಲು ದಾಟಬೇಕು. ಮೆಥೋಟ್ರೆಕ್ಸೇಟ್ ಆ ಬಾಗಿಲಿಗೇ ಬೀಗ ಹಾಕಿರುತ್ತದೆ.

ದಾರಿ ಸಿಕ್ಕಿದ್ದು ಮತ್ತೆ ಸಾರಗಳಲ್ಲೇ. 1948ರಲ್ಲಿ ಸಾಬರ್ಲಿಕ್ ಮತ್ತು ಬೌಮನ್ ಎಂಬ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ವಸ್ತುವನ್ನು ಪಿತ್ತಜನಕಾಂಗ ಮತ್ತು ಯೀಸ್ಟಿನ ಸಾರದಲ್ಲಿ ಗುರುತಿಸಿದರು. ಅದು ಫೋಲಿಕ್ ಆಮ್ಲದ್ದೇ ಇನ್ನೊಂದು ರೂಪ. ಬೀಗ ಬಿದ್ದ ಬಾಗಿಲಿನ ಆಚೆಗೆ ನೇರವಾಗಿ ಇಳಿಯಬಲ್ಲದು. ಪ್ರಯೋಗಾಲಯದಲ್ಲಿ ತಯಾರಾದ ಆ ವಸ್ತುವೇ ಲ್ಯೂಕೊವೊರಿನ್, ಇನ್ನೊಂದು ಹೆಸರು ಫೋಲಿನಿಕ್ ಆಮ್ಲ.

ಮುಂದಿನ ಪ್ರಶ್ನೆ ಹೊತ್ತಿನದು. ಮೆಥೋಟ್ರೆಕ್ಸೇಟ್ ಜೊತೆಗೇ ಇದನ್ನು ಕೊಟ್ಟರೆ ಕ್ಯಾನ್ಸರ್ ಕೋಶವೂ ಬದುಕಿಕೊಳ್ಳುತ್ತದೆ. ತುಂಬ ತಡಮಾಡಿದರೆ ರೋಗಿ ಉಳಿಯುವುದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಐಸಾಕ್ ಜೆರಾಸಿ, ನಾರ್ಮನ್ ಜಾಫೆ ಮುಂತಾದ ವೈದ್ಯರು ಈ ಹೊತ್ತನ್ನು ಹದಕ್ಕೆ ತಂದರು. ಮೂಳೆಯ ಕ್ಯಾನ್ಸರಿನಲ್ಲಿ ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 12 ಗ್ರಾಂವರೆಗೂ ಮೆಥೋಟ್ರೆಕ್ಸೇಟ್ ಹರಿಸುತ್ತಾರೆ; ಹಾಗೇ ಬಿಟ್ಟರೆ ಅದು ಕೊಲ್ಲುವ ಪ್ರಮಾಣ. ಸಾಮಾನ್ಯವಾಗಿ ಸುಮಾರು 24 ಗಂಟೆಯ ಹೊತ್ತಿಗೆ ಲ್ಯೂಕೊವೊರಿನ್ ಶುರುಮಾಡಿ, ರಕ್ತದಲ್ಲಿ ಮೆಥೋಟ್ರೆಕ್ಸೇಟ್ ಮಟ್ಟ ಅಳೆಯುತ್ತ, ಅದು ಇಳಿಯುವವರೆಗೆ ಮುಂದುವರಿಸುತ್ತಾರೆ. ವೈದ್ಯರು ಇದನ್ನು ‘ರೆಸ್ಕ್ಯೂ’ ಎಂದೇ ಕರೆಯುತ್ತಾರೆ, ಅಂದರೆ ಪಾರುಮಾಡುವುದು.

ಪಾಲಕ್ ಸೊಪ್ಪಿನಿಂದ ಆರಂಭವಾದ ಕಥೆಯಾದ್ದರಿಂದ ಸೊಪ್ಪಿನ ಲೆಕ್ಕವನ್ನೂ ಹಾಕಿ ನೋಡಬಹುದು. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 200 ಮೈಕ್ರೊಗ್ರಾಂ ಫೋಲೇಟ್ ಇರುತ್ತದೆ. ಲ್ಯೂಕೊವೊರಿನ್‌ನ ಒಂದು ಸಾಮಾನ್ಯ ಡೋಸ್ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ತೂಕಕ್ಕೆ ತೂಕ ಹಿಡಿದರೆ ಒಂದೊಂದು ಡೋಸಿಗೆ ಏಳು ಕಿಲೋಗೂ ಹೆಚ್ಚು ಸೊಪ್ಪು. ಬಾಯಿಹುಣ್ಣಿರುವ ರೋಗಿ ಅದನ್ನು ತಿನ್ನಲಾರ. ತಿಂದರೂ ಹೊತ್ತು, ಪ್ರಮಾಣ ಎರಡೂ ಕೈತಪ್ಪುತ್ತವೆ.

ಅಡ್ಯಾರಿನ ವಾರ್ಡು, ತಾರಾಮಣಿಯ ಇಲಿಗಳು

ಸುಬ್ಬರಾವ್ ಬಿಟ್ಟುಹೋದ ಮದರಾಸಿಗೆ ಅವರ ಔಷಧ ಬೇರೆ ದಾರಿಯಲ್ಲಿ ಬಂತು. ಮದರಾಸ್ ಮೆಡಿಕಲ್ ಕಾಲೇಜಿನಲ್ಲೇ ಓದಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ, 1923ರಲ್ಲಿ ತಂಗಿಯನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡಿದ್ದರು. ಮೂರು ದಶಕದ ಹೋರಾಟದ ಕೊನೆಗೆ, 1954ರ ಜೂನ್‌ನಲ್ಲಿ, ಅಡ್ಯಾರಿನಲ್ಲಿ 12 ಹಾಸಿಗೆಯ ಸಣ್ಣ ಆಸ್ಪತ್ರೆಯಾಗಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅವರ ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಮೊದಲ ವೈದ್ಯರು. 1960ರಲ್ಲಿ ಅಲ್ಲಿ ಮಕ್ಕಳ ಕ್ಯಾನ್ಸರಿಗಾಗಿ ಪ್ರತ್ಯೇಕ ವಿಭಾಗ ಶುರುವಾಯಿತು, ದೇಶದಲ್ಲೇ ಮೊದಲನೆಯದು. 1980ರ ದಶಕದಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ, ಅಡ್ಯಾರ್ ಮತ್ತು ದೆಹಲಿಯ ಏಮ್ಸ್, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಹಯೋಗದಲ್ಲಿ ಮಕ್ಕಳ ಲುಕೇಮಿಯಾಕ್ಕೆ ಒಂದೇ ಚಿಕಿತ್ಸಾಕ್ರಮ ಕೈಗೆತ್ತಿಕೊಂಡವು. ಮೆಥೋಟ್ರೆಕ್ಸೇಟ್ ಅದರ ಭಾಗ. ಬದುಕುಳಿಯುವ ಮಕ್ಕಳ ಸಂಖ್ಯೆ ಏರಿತು. ಚಿಕಿತ್ಸೆಯಿಂದ ರಕ್ತಕಣ ಇಳಿದಾಗ ಸೋಂಕು ತಗುಲಿ ಸಾಯುವ ಮಕ್ಕಳೂ ಕಡಿಮೆಯಿರಲಿಲ್ಲ. ಪೌಷ್ಟಿಕ ಊಟ, ಶುದ್ಧ ನೀರು, ಹೊತ್ತಿಗೆ ಸರಿಯಾಗಿ ಆ್ಯಂಟಿಬಯಾಟಿಕ್, ರಕ್ತದ ಪೂರೈಕೆ ಇವು ಔಷಧದಷ್ಟೇ ಮುಖ್ಯವೆಂದು ವೈದ್ಯರು ಕಲಿತದ್ದು ಹೀಗೆ.

ಅಡ್ಯಾರಿನಿಂದ ಕೆಲವೇ ಕಿಲೋಮೀಟರ್ ದೂರದ ತಾರಾಮಣಿಯಲ್ಲಿ ಮದರಾಸ್ ವಿಶ್ವವಿದ್ಯಾಲಯದ ಮೂಲ ವೈದ್ಯವಿಜ್ಞಾನಗಳ ಕೇಂದ್ರವಿದೆ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಸುಬ್ಬರಾವ್ ಅವರ ಹಳೆಯ ಪ್ರಶ್ನೆಯನ್ನೇ ಹೊಸದಾಗಿ ಕೇಳಲಾಯಿತು. ಸೈಕ್ಲೊಫಾಸ್ಫಮೈಡ್ ಎಂಬ ಕಿಮೋ ಔಷಧದಿಂದ ಇಲಿಗಳ ಹೃದಯಕ್ಕಾಗುವ ಹಾನಿಯನ್ನು ಲುಪಿಯಾಲ್ ಎಂಬ ಸಸ್ಯಮೂಲದ ವಸ್ತು ತಗ್ಗಿಸುತ್ತದೆಂದು 2000ದ ದಶಕದಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಮಾವಿನಹಣ್ಣಿನಲ್ಲೂ ಇರುವ ವಸ್ತು ಅದು. ಅಶ್ವಗಂಧವನ್ನು ಪ್ಯಾಕ್ಲಿಟ್ಯಾಕ್ಸೆಲ್ ಔಷಧದ ಜೊತೆ ಪರೀಕ್ಷಿಸಿದರು. ಗೇರಿನ ಜಾತಿಯ ಭಲ್ಲಾತಕ, ನೆಲ್ಲಿಕಾಯಿ ಮತ್ತು ಜೇನು ಸೇರಿದ ‘ಕಲ್ಪಾಮೃತ’ವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಮಣಿಪಾಲದಲ್ಲಿ ತುಳಸಿ, ಶುಂಠಿ ಹಿಡಿದು ವಿಕಿರಣದ ಹಾನಿ ತಡೆಯುವ ಪ್ರಯೋಗಗಳು ನಡೆದವು. 2024ರಲ್ಲಿ ಐಐಟಿ ಮದ್ರಾಸ್, ಭಾರತೀಯ ಸಾಂಬಾರ ಪದಾರ್ಥಗಳಿಂದ ತಯಾರಿಸಿದ ನ್ಯಾನೊ ಔಷಧಕ್ಕೆ ಪೇಟೆಂಟ್ ಪಡೆದ ಸುದ್ದಿ ಬಂತು. ಅದು ಕೆಲಸ ಮಾಡಿದ್ದು ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳ ಮೇಲೆ.

ಇಲಿಗೆ ಶುದ್ಧ ವಸ್ತುವನ್ನು ತೂಕ ಮಾಡಿ ಕೊಡುತ್ತಾರೆ. ಅದರ ಬದಲು ಮಾವಿನಹಣ್ಣು ತಿಂದರೆ ಅದೇ ಫಲ ಸಿಗುವುದಿಲ್ಲ. ಇಲಿಯಿಂದ ರೋಗಿಯವರೆಗಿನ ದೂರ ಕ್ರಮಿಸಲು ಹಣ, ಕಾಲ, ರೋಗಿಗಳ ಒಪ್ಪಿಗೆ ಬೇಕು. ಹೆಚ್ಚಿನ ಸಾರಗಳು ಆ ದಾರಿಯಲ್ಲೇ ನಿಂತಿವೆ.

ದಾಟಿದ ಎರಡು

ದಾಟಿದವೂ ಇವೆ. ದೆಹಲಿಯ ಏಮ್ಸ್‌ನಲ್ಲಿ ಮೂಳೆ ಕ್ಯಾನ್ಸರಿನ ಮಕ್ಕಳು ಮತ್ತು ಯುವಕರಿಗೆ ಕಿಮೋ ಕೊಡುವಾಗ, ಕೆಲವರಿಗೆ ಶುಂಠಿಪುಡಿಯ ಕ್ಯಾಪ್ಸೂಲ್, ಉಳಿದವರಿಗೆ ಅದರಂತೆಯೇ ಕಾಣುವ ಪಿಷ್ಟದ ಕ್ಯಾಪ್ಸೂಲ್ ಕೊಟ್ಟರು. ಯಾರದ್ದರಲ್ಲಿ ಏನಿದೆಯೆಂದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಎಲ್ಲರಿಗೂ ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಸೋನ್ ಸಿಗುತ್ತಿತ್ತು. 2011ರ ವರದಿಯ ಪ್ರಕಾರ ಮೊದಲ ದಿನಗಳ ಮಧ್ಯಮದಿಂದ ತೀವ್ರ ವಾಕರಿಕೆ ಪಿಷ್ಟದ ಗುಂಪಿನಲ್ಲಿ ಶೇ. 93, ಶುಂಠಿಯ ಗುಂಪಿನಲ್ಲಿ ಶೇ. 56. ಅಮೆರಿಕದಲ್ಲಿ 576 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ ಅರ್ಧ ಗ್ರಾಂ ಮತ್ತು ಒಂದು ಗ್ರಾಂ ಶುಂಠಿ, ಒಂದೂವರೆ ಗ್ರಾಂಗಿಂತ ಹೆಚ್ಚು ಕೆಲಸ ಮಾಡಿದವು.

ಎರಡನೆಯದು ಮಂಗಳೂರಿನದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 80 ರೋಗಿಗಳಲ್ಲಿ ಅರ್ಧದಷ್ಟು ಮಂದಿ ಅರಿಶಿನದ ನೀರಿನಿಂದ, ಉಳಿದವರು ಪೊವಿಡೋನ್ ಅಯೋಡಿನ್‌ನಿಂದ ಬಾಯಿ ಮುಕ್ಕಳಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅರಿಶಿನದ ಗುಂಪಿನಲ್ಲಿ ಬಾಯಿಹುಣ್ಣು ತಡವಾಗಿ ಬಂತು, ಬಂದದ್ದೂ ಕಡಿಮೆ ತೀವ್ರತೆಯದು. ಅರಿಶಿನ ಇಲ್ಲಿ ಕೆಲಸ ಮಾಡಿದ್ದು ಹುಣ್ಣಾಗುವ ಜಾಗವನ್ನು ನೇರವಾಗಿ ಮುಟ್ಟಿ.

ಅದೇ ಅರಿಶಿನದ ಇನ್ನೊಂದು ಮುಖವೂ ಉಂಟು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿ ಕೊಟ್ಟ ಇಲಿಗಳಲ್ಲಿ ಸ್ತನ ಕ್ಯಾನ್ಸರಿನ ಗೆಡ್ಡೆಯ ಮೇಲೆ ಸೈಕ್ಲೊಫಾಸ್ಫಮೈಡ್‌ನ ಪ್ರಭಾವ ತಗ್ಗಿತು. ಆರೋಗ್ಯವಂತ ಕೋಶವನ್ನು ಕಾಪಾಡುವ ವಸ್ತು ಕ್ಯಾನ್ಸರಿನ ಕೋಶವನ್ನೂ ಕಾಪಾಡಬಹುದು. ಫಾರ್ಬರ್ ಫೋಲಿಕ್ ಆಮ್ಲದಲ್ಲಿ ಕಂಡದ್ದೂ ಇಂಥದ್ದನ್ನೇ. ಹಣ್ಣಿನ ರಸವೂ ಇದಕ್ಕೆ ಹೊರತಲ್ಲ. ದ್ರಾಕ್ಷಿಹಣ್ಣು ಎಂಬ ಹೆಸರಿನ, ಆದರೆ ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್, ಕರುಳಿನಲ್ಲಿ ಔಷಧ ಕರಗಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಕೆಲವು ಔಷಧಗಳ ಮಟ್ಟ ಏರಿಸುತ್ತದೆಂದು 1989ರಲ್ಲಿ ಕೆನಡಾದಲ್ಲಿ ಆಕಸ್ಮಿಕವಾಗಿ ತಿಳಿಯಿತು. ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಬಳಗ. ಬಿಳಿರಕ್ತಕಣ ಇಳಿದಿರುವಾಗ ಕಾಯಿಸದ ಹಸಿ ರಸಗಳಿಂದ ಸೋಂಕಿನ ಭಯ ಬೇರೆ.

ಇವೆಲ್ಲ ವೈದ್ಯರಿಗೆ ಗೊತ್ತಾದರೆ ಡೋಸ್ ತಿದ್ದಬಹುದು, ಕೆಲದಿನ ನಿಲ್ಲಿಸಿ ಅನ್ನಬಹುದು, ಶುಂಠಿಯಂಥದ್ದಾದರೆ ಆಗಲಿ ಅನ್ನಬಹುದು. ತೊಂದರೆ ಆಗುವುದು ಮುಚ್ಚಿಟ್ಟಾಗ. ಬೈಯುತ್ತಾರೆಂಬ ಅಂಜಿಕೆಯಿಂದ ಮನೆಯವರು ಕಷಾಯದ ಮಾತೆತ್ತುವುದಿಲ್ಲ, ಹೊರರೋಗಿಗಳ ನೂಕುನುಗ್ಗಲಿನಲ್ಲಿ ವೈದ್ಯರು ಕೇಳುವುದೂ ಇಲ್ಲ. ಮೆಥೋಟ್ರೆಕ್ಸೇಟ್ ಪಡೆಯುತ್ತಿರುವವರು ‘ರಕ್ತ ಬರಲಿ’ ಎಂದು ಅಂಗಡಿಯಿಂದ ತಂದು ನುಂಗುವ ವಿಟಮಿನ್ ಗುಳಿಗೆಯಲ್ಲಿ ಫೋಲಿಕ್ ಆಮ್ಲವಿರುವುದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇಂದು ಮೆಥೋಟ್ರೆಕ್ಸೇಟ್ ಇದೆ, ಕ್ಯಾಲ್ಸಿಯಂ ಫೋಲಿನೇಟ್ ಎಂಬ ಹೆಸರಿನಲ್ಲಿ ಲ್ಯೂಕೊವೊರಿನ್ ಕೂಡ ಇದೆ. ಮೊದಲನೆಯದರ ಬಾಟಲಿ ಮುಗಿದ ಮೇಲೆ ನರ್ಸ್ ಚೀಟಿಯಲ್ಲಿ ಹೊತ್ತು ಬರೆದಿಡುತ್ತಾರೆ. ಎರಡನೆಯದನ್ನು ಯಾವಾಗ ಕೊಡಬೇಕೆಂದು ಆ ಚೀಟಿ ನೋಡಿಯೇ ತಿಳಿಯಬೇಕು.